ಎರಡು ಗೋಡೆಗಳ ನಡುವಿನ ಎಂಟು ಅಡಿ

ನಾನು ಮನೆ, ಅಂಗಡಿಗಳ ನಕ್ಷೆ ಬರೆದುಕೊಡುವವನು. ಹುಟ್ಟಿದ್ದು ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ. ಡಿಪ್ಲೊಮಾ ಮುಗಿಸಿ ಕೆಲಸ ಕಲಿಯಲೆಂದು ಶಿಕಾರಿಪುರಕ್ಕೆ ಬಂದವನು ಇಲ್ಲೇ ಉಳಿದೆ. ಪೇಟೆಯಲ್ಲಿ ಒಂದು ಸುತ್ತು ಬಂದರೆ ನಾನು ಗೆರೆ ಎಳೆದ ಹತ್ತಾರು ಕಟ್ಟಡ ಕಾಣುತ್ತವೆ. ನಿಂತು ನೋಡುವಂಥದ್ದು ಅವುಗಳಲ್ಲಿ ಒಂದೂ ಇಲ್ಲ. ಆದರೆ ಯಾರೂ ಬೇಕೆಂದು ಬರೆಯದೆ ಹುಟ್ಟಿಕೊಂಡ ಒಂದು ಜಾಗವಿತ್ತು, ಅದರ ವಿಷಯ ಹೇಳಬೇಕು.

ಆ ಜಾಗದವರು ಕಾಳುಕಡಿ ವ್ಯಾಪಾರದ ಮನೆತನದವರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮ ಪಾಲಾದರು. ಬಸ್ ನಿಲ್ದಾಣದ ಹತ್ತಿರದ ಹಳೆಯ ಮನೆಯನ್ನು ಕೆಡವಿ, ನಿವೇಶನವನ್ನು ಎರಡು ಮಾಡಿ, ಇಬ್ಬರೂ ಬೇರೆ ಬೇರೆ ಕಟ್ಟಲು ಹೊರಟರು. ಕೆಳಗೆ ಅಂಗಡಿ, ಮಧ್ಯದಲ್ಲಿ ಬಾಡಿಗೆ ರೂಮುಗಳು, ಮೇಲೆ ವಾಸದ ಮನೆ. ಮೊದಲು ಅಣ್ಣ ನನ್ನ ಹತ್ತಿರ ಬಂದರು.

"ಅವನ ಗೋಡೆಗೆ ನನ್ನ ಗೋಡೆ ತಾಗಬಾರ್ದು ನೋಡ್ರಿ. ನಾಕಡಿ ಬಿಟ್ಟು ಬರೀರಿ."

ಮುಂದಿನ ವಾರ ತಮ್ಮ ಬಂದರು. "ಅಣ್ಣ ಎಷ್ಟ್ ಬಿಟ್ಟಾನೆ?" ಎಂದು ಕೇಳಿದರು. ಒಬ್ಬರ ನಕ್ಷೆಯ ವಿಷಯ ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದೆ. "ಬ್ಯಾಡ ಬಿಡ್ರಿ. ನಾನೂ ನಾಕಡಿ ಬಿಡ್ತೀನಿ. ಅವನ ಹಂಗು ನನಗ್ಯಾಕೆ?"

ಹೀಗೆ ನಾಲ್ಕಕ್ಕೆ ನಾಲ್ಕು ಸೇರಿ ಎರಡು ಕಟ್ಟಡಗಳ ನಡುವೆ ಎಂಟು ಅಡಿ ಅಗಲ, ಅರವತ್ತು ಅಡಿ ಉದ್ದದ ಓಣಿಯಾಯಿತು. ರಸ್ತೆ ಕಡೆಯ ಮುಖವೆಲ್ಲ ಅಂಗಡಿಗೆ ಬೇಕೆಂದು ಇಬ್ಬರೂ ಹೇಳಿದ್ದರಿಂದ ಎರಡೂ ಮೆಟ್ಟಿಲುಗಳ ಬಾಗಿಲನ್ನು ನಾನು ಓಣಿಗೇ ತೆರೆದಿದ್ದೆ. ಅದರಲ್ಲಿ ದೂರಾಲೋಚನೆ ಏನೂ ಇರಲಿಲ್ಲ, ಬೇರೆ ಜಾಗವಿರಲಿಲ್ಲ ಅಷ್ಟೆ.

ಹಳೆಯ ಮನೆಯ ಜಗಲಿಗೆ ಹಾಸಿದ್ದ ಏಳು ದೊಡ್ಡ ಚಪ್ಪಡಿ ಕಲ್ಲುಗಳು ಉಳಿದಿದ್ದವು. ಏಳನ್ನು ಇಬ್ಬರಿಗೆ ಹಂಚುವುದು ಹೇಗೆ? ಮಾತು ಬೆಳೆಯಿತು, ಇತ್ಯರ್ಥವಾಗಲಿಲ್ಲ. ಮೇಸ್ತ್ರಿ ಬೇಸತ್ತು, ಕಲ್ಲು ಒಡೆಯದಿರಲಿ ಎಂದು ಕೆಳಗೆ ಇಟ್ಟಿಗೆ ಕೊಟ್ಟು, ಓಣಿಯ ಗೋಡೆಗುಂಟ ಸಾಲಾಗಿ ಇಟ್ಟು ಹೋದ. ಮೊಣಕಾಲೆತ್ತರ. ಕಟ್ಟಡ ಮುಗಿದ ವಾರದಲ್ಲೇ ಜನ ಅವುಗಳ ಮೇಲೆ ಕೂರತೊಡಗಿದರು.

ನಾನು ತಮ್ಮನ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆ. ನನ್ನ ಮೇಜಿನ ಪಕ್ಕದ ಕಿಟಕಿ ಓಣಿಯ ಮೇಲಿತ್ತು. ನನ್ನ ಪಕ್ಕದ ರೂಮಿನಲ್ಲಿ ದಸ್ತಾವೇಜು ಬರೆಯುವವರಿದ್ದರು. ಎದುರಿನ ಕಟ್ಟಡದಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ತಯಾರು ಮಾಡುವ ತರಗತಿ ನಡೆಯುತ್ತಿತ್ತು. ಆರು ವರ್ಷ ಆ ಕಿಟಕಿಯ ಪಕ್ಕ ಕೂತೆ.

ಬೆಳಿಗ್ಗೆ ಮೊದಲ ಬಸ್ಸುಗಳಿಗೆ ಸೊಪ್ಪು, ಮೊಸರು ತರುವ ಹೆಂಗಸರು ಬುಟ್ಟಿ ಇಳಿಸಿ ತಲೆಯ ಸಿಂಬಿ ಸರಿಮಾಡಿಕೊಳ್ಳುತ್ತಿದ್ದರು. ಹತ್ತು ಗಂಟೆಗೆ ಜಮೀನಿನ ಪಹಣಿ, ಪೋಡಿ, ಖಾತೆ ಬದಲಾವಣೆ ಎಂದು ಕಾಗದದ ಚೀಲ ಹಿಡಿದವರು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಪರೀಕ್ಷೆಯ ಹುಡುಗಿಯರು. ಸಂಜೆ ಲಾರಿಗೆ ಮೆಕ್ಕೆಜೋಳ ತುಂಬಿ ಬಂದ ಹಮಾಲರು. ಸಂತೆಯ ದಿನ ಯಾರ ಲೆಕ್ಕವೂ ಇಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಹೆಸರು ಕೇಳುವ ರೂಢಿಯಿರಲಿಲ್ಲ. "ಆ ಮೂಲೆ ಕಲ್ಲಿನ ಅಕ್ಕ" ಎಂದರೆ ಸಾಕಾಗುತ್ತಿತ್ತು.

ಮೂಲೆ ಕಲ್ಲಿನ ಅಕ್ಕ ಸೊಪ್ಪು ಮಾರುವವಳು, ಬಳ್ಳಿಗಾವಿ ಕಡೆಯವಳು. ಎಂಟು ಗಂಟೆಗೆ ಸೊಪ್ಪಿನವರ ನಡುವೆ ಇರುತ್ತಿದ್ದಳು. ಅವಳ ಹೊಲದ ಅಳತೆಯದೊಂದು ತಕರಾರು ಇದ್ದುದರಿಂದ ಹನ್ನೊಂದಕ್ಕೆ ಕಾಗದದವರ ನಡುವೆ. ಎರಡು ಗಂಟೆಗೆ ಬಸ್ಸಿಗೆ ಹೊತ್ತಿದೆಯೆಂದು ಹುಡುಗಿಯರ ಪಕ್ಕ ಒರಗಿ ನಿದ್ದೆ. ಒಂದು ದಿನ ಅವಳಿಗೆ ಬಂದ ನೋಟಿಸನ್ನು ತಾಳಗುಂದದ ಹುಡುಗಿಯೊಬ್ಬಳು ಓದಿ, ಹದಿನೈದು ದಿನದೊಳಗೆ ಉತ್ತರ ಕೊಡಬೇಕೆಂದು ತಿಳಿಸಿ, ತಾನೇ ಬರೆದೂ ಕೊಟ್ಟಳು. ಅಳತೆಯವರು ಬಂದರು, ಹೊಲದ ಬದು ಸರಿಯಾಯಿತು. ಅದಾದ ಮೇಲೆ ಆ ಹುಡುಗಿಯ ಡಬ್ಬಿಯ ಪಕ್ಕ ದಿನಾ ಒಂದು ಕಟ್ಟು ಮೆಂತ್ಯ ಇರುತ್ತಿತ್ತು. ಅದೇ ಹುಡುಗಿ ಪರೀಕ್ಷೆಯಲ್ಲಿ ತನ್ನೂರಿನ ಶಾಸನದ ಮೇಲಿನ ಪ್ರಶ್ನೆಗೇ ತಪ್ಪು ಉತ್ತರ ಬರೆದು ಬಂದು, ಕಲ್ಲಿನ ಮೇಲೆ ಕೂತು ಅತ್ತಳು. "ದಿನಾ ಅದ್ರ ಪಕ್ಕದಾಗೇ ಬಸ್ ಹತ್ತತೀನಿ ಕಣ್ರೇ" ಎಂದು ಅಳುತ್ತಿದ್ದಳು. ಉಳಿದವರು ನಗು ತಡೆಯಲಾಗದೆ ಒದ್ದಾಡಿದರು, ಕೊನೆಗೆ ಅವಳೂ ನಕ್ಕಳು.

ಮಧ್ಯಾಹ್ನ ಎರಡೂವರೆಗೆ ಇಬ್ಬರು ಮಹಡಿ ಇಳಿದು ಬರುತ್ತಿದ್ದರು. ಒಂದು ಮೆಟ್ಟಿಲಿನಿಂದ ಅಣ್ಣನ ಹೆಂಡತಿ, ಮೊರದಲ್ಲಿ ಅಕ್ಕಿಯೋ ತೊಗರಿಬೇಳೆಯೋ ಹಿಡಿದು. ಇನ್ನೊಂದರಿಂದ ತಮ್ಮನ ಹೆಂಡತಿ, ಬರಿಗೈಯಲ್ಲಿ. ಗಂಡಂದಿರು ಆ ಹೊತ್ತಿಗೆ ಕಾಳಿನ ಮಂಡಿಯಲ್ಲಿರುತ್ತಿದ್ದರು. ಎರಡು ಮನೆಗಳ ನಡುವೆ ಮಾತು ಪೂರ್ತಿ ನಿಂತಿದ್ದ ಕಾಲ ಅದು. ಓರಗಿತ್ತಿಯರು ಬೇರೆ ಬೇರೆ ಕಲ್ಲಿನ ಮೇಲೆ, ನಡುವೆ ನಾಲ್ಕು ಹುಡುಗಿಯರನ್ನು ಬಿಟ್ಟು ಕೂರುತ್ತಿದ್ದರು.

"ಮೂರು ದಿನದಿಂದ ನಮ್ಮ ಹುಡುಗಿಗೆ ಕೆಮ್ಮು ಕಣ್ರವ್ವಾ" ಎಂದು ತಮ್ಮನ ಹೆಂಡತಿ ಹುಡುಗಿಯರಿಗೆ ಹೇಳುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ಹೆಂಡತಿ ಬೇಳೆಯಿಂದ ಕಣ್ಣೆತ್ತದೆ, ಪಕ್ಕದ ಹುಡುಗಿಗೆ, "ಕೆಮ್ಮಿಗೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಕೊಡಬೇಕು. ನಮ್ಮ ಟೆರೇಸಿನ ಮ್ಯಾಲೆ ಕುಂಡದಾಗೆ ಐತೆ" ಎನ್ನುತ್ತಿದ್ದರು. ಮರುದಿನ ಒಂದು ಕಲ್ಲಿನ ಮೇಲೆ ಎಲೆಗಳ ಪೊಟ್ಟಣ. ಅದನ್ನು ಆ ಕಲ್ಲಿನಿಂದ ಈ ಕಲ್ಲಿಗೆ ದಾಟಿಸುವುದು ಹುಡುಗಿಯರ ಕೆಲಸ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಪರೀಕ್ಷೆಯ ಫಲಿತಾಂಶ ಬಂದು ಹಳೆಯ ಹುಡುಗಿಯರು ಒಮ್ಮೆಗೇ ಖಾಲಿಯಾದರು. ಹೊಸಬರು ಬರಲು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ಒಂದು ದಿನ ನಾನು ಪೆನ್ಸಿಲು ಚೂಪು ಮಾಡುತ್ತಾ ಕೆಳಗೆ ನೋಡಿದರೆ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂತು ಒಂದೇ ಮೊರದಲ್ಲಿ ಕೈಯಾಡಿಸುತ್ತಿದ್ದರು.

ಕೆಲವು ದಿನಗಳ ನಂತರ ಅಣ್ಣನ ಹೆಂಡತಿ ಓಣಿಯಲ್ಲಿ ನನ್ನನ್ನು ನಿಲ್ಲಿಸಿದರು. "ಸಾರ್, ನಿಮ್ಮ ಕಿಟಕಿ ಇತ್ಲಾಗೇ ಐತಲ್ಲ?"

"ಇದೆ. ನಾನು ನಕ್ಷೆ ನೋಡ್ತಾ ಇರ್ತೀನಮ್ಮ, ಕೆಳಗೆ ನೋಡೋದು ಕಮ್ಮಿ" ಎಂದೆ.

ಅವರು ನಕ್ಕು ಮೇಲೆ ಹೋದರು. ಆ ಮಾತನ್ನು ನಾನು ಉಳಿಸಿಕೊಂಡೆ. ದಸ್ತಾವೇಜಿನವರು, ಸೊಪ್ಪಿನವರು, ಹುಡುಗಿಯರು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಯಾರೂ ಒಬ್ಬರಿಗೊಬ್ಬರು ಹೀಗಿರಿ ಎಂದು ಹೇಳಿಕೊಂಡದ್ದೂ ಇಲ್ಲ.

ಕಳೆದ ವರ್ಷ ತಮ್ಮನ ಮಗಳ ಮದುವೆ ಗೊತ್ತಾಯಿತು. ನೆಂಟರು ನಡುವೆ ಬಂದರು. ಅಣ್ಣ ಮದುವೆಗೆ ಹೋಗಿ ಅಕ್ಷತೆ ಹಾಕಿದರು, ತಮ್ಮ ಅವರ ಕಾಲಿಗೆ ಬಿದ್ದರು. ಊರೇ ಮೆಚ್ಚಿತು. ತಿಂಗಳೊಳಗೆ ಇಬ್ಬರೂ ಒಟ್ಟಿಗೆ ನನ್ನ ರೂಮಿಗೆ ಬಂದರು. ಅವರನ್ನು ಅಕ್ಕಪಕ್ಕದ ಕುರ್ಚಿಯಲ್ಲಿ ನೋಡಿ ನನಗೂ ಸಂತೋಷವಾಯಿತು.

"ಮಧ್ಯದ ಜಾಗ ಸುಮ್ನೆ ಹಾಳು ಬಿದ್ದೈತಿ ನೋಡ್ರಿ" ಎಂದರು ಅಣ್ಣ. "ಮುಂದೆ ಎರಡು ಸಣ್ಣ ಅಂಗಡಿ, ಹಿಂದೆ ಗೋಡೌನು. ಮೆಟ್ಟಿಲು ಹಿಂದಿನ ರಸ್ತೆಗೆ ತಿರುಗ್ಸಿ."

"ಈಗ ಗೋಡೆ ತಾಗಿದ್ರೂ ಅಡ್ಡಿ ಇಲ್ಲ" ಎಂದು ತಮ್ಮ ನಕ್ಕರು.

ಪುರಸಭೆಯ ನಿಯಮದ ಪ್ರಕಾರ ಬಿಟ್ಟ ಜಾಗವನ್ನು ಮುಚ್ಚುವುದು ಸುಲಭವಲ್ಲ ಎಂದೆ. ಅದನ್ನು ನೋಡಿಕೊಳ್ಳೋಣ, ಮೊದಲು ನಕ್ಷೆ ಆಗಲಿ ಎಂದರು. ಅಲ್ಲಿ ಕೂರುವವರ ಬಗ್ಗೆ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ರಾಜಿಯಾದ ಅಣ್ಣತಮ್ಮಂದಿರು, ಅವರದೇ ಜಾಗ. ಟೇಪು ತೆಗೆದುಕೊಂಡು ಕೆಳಗಿಳಿದೆ.

ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವಾಗ ಸೊಪ್ಪಿನ ಅಕ್ಕ ಕಾಲೆತ್ತಿ ಜಾಗ ಕೊಟ್ಟಳು. "ಇದೇನ್ ಗೆರೆ ಸಾರ್?"

"ಇಲ್ಲಿ ಗೋಡೆ ಬರುತ್ತೆ."

ಅವಳು ಗೆರೆಯ ಆಚೆ ಈಚೆ ನೋಡಿದಳು. "ಹಂಗಾರೆ ನಾವು?"

ಸುದ್ದಿ ಹರಡಿತು. ಪೇಪರು ಓದಲು ದಿನಾ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು, ಮಾಲೀಕರಿಗೆ ಒಂದು ಮನವಿ ಕೊಡೋಣ ಎಂದು ಬಿಳಿ ಹಾಳೆ ತೆಗೆದರು. ‘ಇಂದ’ ಎಂದು ಬರೆದು ಪೆನ್ನು ನಿಲ್ಲಿಸಿದರು. "ಯಾರಿಂದ ಅಂತ ಬರೀಲಿ?"

ಅಲ್ಲಿ ಬಾಡಿಗೆದಾರರಿದ್ದುದು ನಾವು ಮೂರು ನಾಲ್ಕು ಜನ. ಉಳಿದವರು ಸಂಘವಲ್ಲ, ಬೀದಿಯವರಲ್ಲ, ಒಂದೇ ಊರಿನವರೂ ಅಲ್ಲ. ಈ ಹೊತ್ತು ಇದ್ದವರು ಆ ಹೊತ್ತು ಇರುವುದಿಲ್ಲ. ಸೊರಬ ಕಡೆಯಿಂದ ದಿನಾ ಬರುತ್ತಿದ್ದ ಹುಡುಗಿಯೊಬ್ಬಳು, "ನಾವು ನಾಳೆ ಪಾಸಾದ್ರೆ ಬರೂದೇ ಇಲ್ಲ ಸಾರ್, ನಮ್ಮ ಸಹಿ ಎಂತಕ್ಕೆ?" ಎಂದಳು. ಮೇಷ್ಟ್ರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಮಧ್ಯಾಹ್ನ ಅಣ್ಣತಮ್ಮಂದಿರು ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಮೊದಲು ಕಲ್ಲುಗಳನ್ನು ಸಾಗಿಸಬೇಕಿತ್ತು. ನಾನು ನಕ್ಷೆ ಹಿಡಿದು ನಿಂತಿದ್ದೆ. ಓರಗಿತ್ತಿಯರು ತಮ್ಮ ಕಲ್ಲಿನ ಮೇಲೆ ಕೂತಿದ್ದರು. ಈಗ ರಾಜಿಯಾಗಿರುವುದರಿಂದ ಅವರು ಒಟ್ಟಿಗಿರುವುದು ಗಂಡಂದಿರಿಗೆ ವಿಶೇಷವೆನಿಸಲಿಲ್ಲ.

"ಏಳ್ರಿ, ಕಲ್ಲು ತೆಗೀಬೇಕು" ಎಂದರು ಅಣ್ಣ.

"ತೆಗೀಬ್ಯಾಡ್ರಿ" ಎಂದರು ಅವರ ಹೆಂಡತಿ. ದನಿ ಏರಿಸಲಿಲ್ಲ.

"ಯಾಕೆ?"

"ನಾವಿಬ್ರೂ ಆರು ವರ್ಷದಿಂದ ಇದ್ರ ಮ್ಯಾಲೆ ಕುಂತೀವಿ."

ಅಣ್ಣನಿಗೆ ಅರ್ಥವಾಗಲಿಲ್ಲ. "ಯಾರು ಇಬ್ರು?"

"ನಾನೂ ಇವಳೂ. ನೀವು ಮುಖ ನೋಡದೆ ಓಡಾಡ್ತಿದ್ರಲ್ಲ, ಆವಾಗಿಂದ. ದೊಡ್ಡಪ್ಪ ಬರದಿದ್ರೆ ಮಂಟಪಕ್ಕೇ ಬರಲ್ಲ ಅಂತ ಹುಡುಗಿ ಹಟ ಹಿಡಿದಿದ್ದು ನನಗೆ ಗೊತ್ತಾಗಿದ್ದೂ ಇಲ್ಲೇ. ನಿಮ್ಮ ಸೋದರಮಾವಗೆ ನಾನು ಫೋನ್ ಮಾಡಿದ್ದೂ ಇಲ್ಲೇ ಕುಂತು. ನೆಂಟರು ತಾವಾಗೇ ಬಂದ್ರು ಅನ್ಕಂಡ್ರಾ?"

ಅಣ್ಣ ತಮ್ಮನ ಮುಖ ನೋಡಿದರು. ತಮ್ಮನ ಮುಖ ಕೆಂಪಾಗಿತ್ತು. ಅವರು ನನ್ನ ಕಡೆ ತಿರುಗಿದರು.

"ನೀವು ಮ್ಯಾಲೆ ಕುಂದುರ್ತೀರಲ್ಲ. ನಿಮಗೆ ಗೊತ್ತಿತ್ತೇನ್ರೀ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಎಂದೆ.

"ನನ್ನ ಬಾಡಿಗೆ ರೂಮಿನಾಗಿದ್ದು, ನನಗೇ ಹೇಳಲಿಲ್ಲ."

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ."

ಅವರು ಸರಸರನೆ ತಮ್ಮ ಮೆಟ್ಟಿಲು ಹತ್ತಿ ಹೋದರು. ಅಣ್ಣ ಮಾತ್ರ ಅಲ್ಲೇ ನಿಂತರು. ಆಮೇಲೆ ಕಲ್ಲಿನ ತುದಿಯಲ್ಲಿ ಹೆಂಡತಿಯ ಪಕ್ಕ ಕೂತರು. ಸೊಪ್ಪಿನ ಅಕ್ಕ ಬುಟ್ಟಿ ಸರಿಸಿ ಅವರ ಕಾಲಿಗೆ ಜಾಗ ಮಾಡಿದಳು. ತಮ್ಮದೇ ಓಣಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಸ್ತ್ರಿ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೋದ.

ಆ ತಿಂಗಳ ಕೊನೆಗೆ ರೂಮು ಬಿಡಬೇಕೆಂದು ತಮ್ಮ ಹೇಳಿಕಳಿಸಿದರು. ನಾನು ಅದನ್ನು ನಿರೀಕ್ಷಿಸಿದ್ದೆ, ಆದರೂ ಬೇಸರವಾಯಿತು. ಸಾಮಾನು ಸಾಗಿಸುವ ದಿನ ಅವರ ಹೆಂಡತಿ ಕೆಳಗಿಳಿದು ಬಂದು, "ನಮ್ಮಿಂದ ನಿಮಗೆ ತೊಂದ್ರೆ ಆತು" ಎಂದರು. ಪರವಾಗಿಲ್ಲ ಎಂದೆ. ಮನಸ್ಸಿನಲ್ಲಿ ಅಷ್ಟು ಸಲೀಸಾಗಿ ಪರವಾಗಿಲ್ಲ ಎನ್ನಿಸಿರಲಿಲ್ಲ. ಹೊಸ ರೂಮು ಇನ್ನೊಂದು ಬೀದಿಯಲ್ಲಿ, ಅದರ ಕಿಟಕಿಯಿಂದ ಒಂದು ನೀರಿನ ಟ್ಯಾಂಕು ಮಾತ್ರ ಕಾಣುತ್ತದೆ.

ಓಣಿಯ ವಿಷಯ ಅರೆಬರೆಯಾಗಿ ಇತ್ಯರ್ಥವಾಯಿತು. ಹಿಂದಿನ ಇಪ್ಪತ್ತು ಅಡಿ ಗೋಡೌನಾಯಿತು. ಮುಂದಿನ ನಲವತ್ತು ಅಡಿ ಹಾಗೇ ಉಳಿಯಿತು, ಕಲ್ಲುಗಳೂ ಉಳಿದವು. ರಸ್ತೆಯ ಕಡೆಗೆ ಕಬ್ಬಿಣದ ಗೇಟು ಬಂತು. ಬೆಳಿಗ್ಗೆ ಎಂಟಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚುತ್ತಾರೆ. ಹಿಂದಿನ ತಂಪಿನ ಮೂಲೆ, ಅಲ್ಲಿದ್ದ ಫೋನ್ ಚಾರ್ಜಿನ ಪ್ಲಗ್ಗು ಹೋದದ್ದರಿಂದ ಹುಡುಗಿಯರು ಗ್ರಂಥಾಲಯದ ಮೆಟ್ಟಿಲಿಗೆ ಹೋದರು. ಎಂಟಕ್ಕೆ ಮೊದಲೇ ಬರುವ ಸೊಪ್ಪಿನವರು ಈಗ ರಸ್ತೆ ಬದಿಯಲ್ಲೇ ಬುಟ್ಟಿ ಇಳಿಸುತ್ತಾರೆ. ಹಮಾಲರು ಮಾತ್ರ ಬಿಟ್ಟುಕೊಡಲಿಲ್ಲ.

ಈ ಬೇಸಿಗೆಯಲ್ಲಿ ಸೊರಬದ ರೈತರೊಬ್ಬರು ರಸ್ತೆ ಪಕ್ಕ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಬೇಕೆಂದು ಕರೆಸಿದರು. ನಾನು ಅಂಗಡಿಯ ಮುಂದೆ ಉದ್ದಕ್ಕೂ ಒಂದು ಕಟ್ಟೆ ಬರೆದೆ, ಮೂರಡಿ ಅಗಲ.

"ಇದೆಂತಕ್ಕೆ ಮಾರಾಯ್ರೇ?" ಎಂದರು.

"ಜನ ಕೂರೋಕೆ."

"ಯಾವ ಜನ?"

"ಈಗಲೇ ಗೊತ್ತಿಲ್ಲ."

ಅವರು ನನ್ನನ್ನು ಒಂದು ಥರ ನೋಡಿ, ಚೌಕಾಸಿ ಮಾಡಿ, ಎರಡಡಿಗೆ ಒಪ್ಪಿದರು. ಕಟ್ಟಡ ಎದ್ದಿತು. ಹೋದ ತಿಂಗಳು ಅಲ್ಲಿಗೆ ಹೋದಾಗ ಕಟ್ಟೆಯ ತುಂಬ ಗೊಬ್ಬರದ ಚೀಲಗಳನ್ನು ಪೇರಿಸಿದ್ದರು.

"ನೋಡಿ, ಯಾರೂ ಬರ್ಲೇ ಇಲ್ಲ" ಎಂದರು ಅವರು.

ಒಂದು ತುದಿಯಲ್ಲಾದರೂ ನಾಲ್ಕು ಚೀಲ ಇಳಿಸಿ ನೋಡಿ ಎಂದೆ. ಅವರು ತುದಿಯ ಚೀಲವೊಂದನ್ನು ಕೈಯಿಂದ ತಟ್ಟಿ ನೋಡಿದರು. ಅಷ್ಟರಲ್ಲಿ ಶಿಕಾರಿಪುರದ ಬಸ್ಸು ಬಂತು, ನಾನು ಹತ್ತಿದೆ.