ಅಜ್ಜಿಯ ತಾಳಕ್ಕೆ ಉರುಳಿದ ಗೋಲಿ

ಕೆಂಪು ಗಾರೆ ನೆಲದ ಮೇಲೆ ಬೇರಿಂಗಿನ ಉಕ್ಕಿನ ಗೋಲಿ ಉರುಳುವ ಸದ್ದನ್ನು ಕೇಳಿದ್ದೀರಾ? ಒಳಮನೆಯಲ್ಲಿ ಯಾರೋ ಮೆತ್ತಗೆ ಬೀಸುಕಲ್ಲು ತಿರುಗಿಸಿದ ಹಾಗಿರುತ್ತದೆ. ಮೊನ್ನೆ ಹಳೇ ಡಬ್ಬಿಯಲ್ಲಿ ಆ ಗೋಲಿ ಸಿಕ್ಕಾಗ ನನ್ನ ಕಿವಿಗೆ ಮೊದಲು ಬಂದದ್ದು ಆ ಸದ್ದೇ. ಅದರ ಹಿಂದೆಯೇ ತ್ಯಾಗರಾಜನಗರದ ನಮ್ಮ ಹಜಾರ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ ನೆಲದ ತಂಪು, ಮೂಲೆಯಲ್ಲಿ ಗವಸು ತೊಟ್ಟು ನಿಂತ ತಂಬೂರಿ, ಪಕ್ಕದಲ್ಲಿ ಅಜ್ಜಿ. ಆ ಹಜಾರದಲ್ಲಿ ಬೀದಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟವಳು ಅವಳು. ಗಂಟಲಿನ ಆಪರೇಷನ್ ಆದಮೇಲೆ ದನಿ ಪಿಸುಮಾತಿಗೆ ಇಳಿಯಿತು. ಮಕ್ಕಳು ಒಬ್ಬೊಬ್ಬರಾಗಿ ಕೀಬೋರ್ಡ್ ಕ್ಲಾಸಿಗೆ ಸೇರಿಕೊಂಡರು. ಆದರೂ ಸಂಜೆ ಐದಕ್ಕೆ ಚಾಪೆ ಹಾಸುವುದನ್ನು ಅಜ್ಜಿ ಬಿಡಲಿಲ್ಲ. ಯಾರೂ ಕೂರದ ಚಾಪೆಯನ್ನು ಅವಳು ಸುತ್ತಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ನಾನಾಗ ಒಂಬತ್ತನೇ ಕ್ಲಾಸು. ಫಿಸಿಕ್ಸ್ ಮಿಸ್ ಸಮವೇಗದ ಪಾಠಕ್ಕೆಂದು ಗೋಲಿ ತಂದಿದ್ದರು. ಶಾಲೆಯ ನೆಲವೋ ಹಳ್ಳದಿಣ್ಣೆ. ಬಿಟ್ಟ ಗೋಲಿಯೆಲ್ಲ ಡೆಸ್ಕಿನಡಿ ಸೇರುತ್ತಿತ್ತು. "ಯಾರ ಮನೇಲಾದ್ರೂ ನುಣ್ಣಗಿರೋ ನೆಲ ಇದ್ಯಾ?" ಎಂದರು. ಹಿಂದುಮುಂದು ನೋಡದೆ ಕೈ ಎತ್ತಿಬಿಟ್ಟೆ. ಶನಿವಾರ ಮಧ್ಯಾಹ್ನ ಇಪ್ಪತ್ತು ಹುಡುಗಿಯರು ನಮ್ಮ ಹಜಾರದಲ್ಲಿ ಗೋಡೆಗೊರಗಿ ಕೂತರು. ಅಜ್ಜಿ ರಂಗೋಲಿ ಪುಡಿಯಲ್ಲಿ ಅಡಿಗೊಂದರಂತೆ ಎಂಟು ಗೆರೆ ಎಳೆದುಕೊಟ್ಟು ಒಳಗೆ ಹೋದಳು. ಮಿಸ್ ಪುಸ್ತಕಗಳ ಮೇಲೆ ಹಲಗೆಯನ್ನು ಇಳಿಜಾರಾಗಿಟ್ಟು ಗೋಲಿ ಬಿಟ್ಟರು. ವಾಚು ಹಿಡಿದ ನಾಲ್ವರು ನಾಲ್ಕು ಲೆಕ್ಕ ಹೇಳಿದರು. ಜಗಳವೇ ಶುರುವಾಯಿತು.

"ನಾನು ತಾಳ ಹಾಕ್ಲಾ ಮೇಡಂ?" ಅಡುಗೆಮನೆ ಬಾಗಿಲಿನಿಂದ ಅಜ್ಜಿಯ ಪಿಸುದನಿ. ಯಾರೋ ಕಿಸಕ್ಕೆಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಮಿಸ್ ಮಾತ್ರ "ಹಾಕಿ ಅಮ್ಮ, ಬನ್ನಿ" ಎಂದರು. ಅಜ್ಜಿ ತನ್ನ ಹಳೇ ಜಾಗದಲ್ಲಿ ಕೂತು ತೊಡೆ ತಟ್ಟತೊಡಗಿದಳು. ಗೋಲಿ ತಾಳಕ್ಕಿಂತ ಮುಂದೆ ಹೋಯಿತು. "ಓಡ್ತಾ ಇದೆ ಮೇಡಂ, ಸ್ವಲ್ಪ ಇಳಿಸಿ" ಎಂದಳು, ಹಿಂದೆ ಮಕ್ಕಳನ್ನು ತಿದ್ದುತ್ತಿದ್ದ ಅದೇ ಗತ್ತಿನಲ್ಲಿ. ಮಿಸ್ ಒಂದು ಪುಸ್ತಕ ತೆಗೆದರು, ತೆಳ್ಳಗಿನದೊಂದು ಇಟ್ಟರು. ಐದನೆಯದೋ ಆರನೆಯದೋ ಸಲ, ಅಜ್ಜಿಯ ಒಂದೊಂದು ಪೆಟ್ಟಿಗೂ ಗೋಲಿ ಒಂದೊಂದು ಗೆರೆ ದಾಟಿತು. ಹುಡುಗಿಯರೂ ತೊಡೆ ತಟ್ಟಿದರು. "ನೋಡ್ರಮ್ಮ, ಅಷ್ಟೇ ಹೊತ್ತಿಗೆ ಅಷ್ಟೇ ದೂರ. ಸಮವೇಗ ಅಂದ್ರೆ ಇದೇ" ಎಂದರು ಮಿಸ್. ಹಜಾರದ ತುಂಬ ಮಕ್ಕಳು ತಾಳ ಹಾಕುವುದನ್ನು ನೋಡುತ್ತಾ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ನನ್ನಜ್ಜಿ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು.

ಮಿಸ್ ಗೋಲಿಯನ್ನು ನಮ್ಮನೆಯಲ್ಲೇ ಬಿಟ್ಟುಹೋದರು. ಅಂದಿನಿಂದ ಐದಕ್ಕೆ ಚಾಪೆಯ ಬದಲು ಹಲಗೆ ಬಂತು. "ಪುಟ್ಟಿ, ಗೋಲಿ ಬಿಡೇ" ಎನ್ನುವಳು. ಕೆಲವು ತಿಂಗಳು ತಪ್ಪದೆ ಗೋಲಿ ಬಿಟ್ಟೆ. ಹತ್ತನೇ ಕ್ಲಾಸಿನ ಟ್ಯೂಷನ್ ಶುರುವಾದ ಮೇಲೆ "ಪರೀಕ್ಷೆ ಮುಗೀಲಿ ಅಜ್ಜಿ" ಎಂದೆ. "ಆಗ್ಲಿ, ಓದ್ಕೋ" ಎಂದು ಅವಳು ಮತ್ತೆ ಚಾಪೆ ಹಾಸಿದಳು. ಪರೀಕ್ಷೆ ಮುಗಿಯುವವರೆಗೆ ಅವಳು ಉಳಿಯಲಿಲ್ಲ. ದಿನಕ್ಕೆ ಹತ್ತು ನಿಮಿಷ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಇವತ್ತಿಗೂ ಕೊರಗುತ್ತೇನೆ.

ಆ ಮನೆಯನ್ನು ಕೆಡವಿ ವರ್ಷಗಳಾದವು. ಮೊನ್ನೆ ಸಂಜೆ ಗೊಟ್ಟಿಗೆರೆಯ ನಮ್ಮ ಫ್ಲ್ಯಾಟಿನಲ್ಲಿ ಎರಡು ಪುಸ್ತಕದ ಮೇಲೆ ಹಲಗೆಯಿಟ್ಟು ಗೋಲಿ ಬಿಟ್ಟೆ. ಟೈಲ್ಸಿನ ಒಂದೊಂದು ಸಂದಿಗೂ ಟಕ್, ಟಕ್ ಎನ್ನುತ್ತಾ ಹೋಯಿತು. ನನ್ನ ಕೈ ತಾನಾಗಿ ತೊಡೆ ತಟ್ಟಿತು. ಗೋಲಿ ಗೋಡೆಗೆ ತಾಗಿ ನಿಂತ ಮೇಲೂ ನಾನು ತಟ್ಟುತ್ತಲೇ ಕೂತಿದ್ದೆ.