ಚಿತ್ರ ನೋಡಿ ಐದು ವಾಕ್ಯ

ಟಿವಿ ನೋಡುವಾಗ ನಮ್ಮ ಅಕ್ಕೋರು ಟಿವಿಗೆ ಮುಖ ಕೊಡುತ್ತಿರಲಿಲ್ಲ, ಬಲಗಿವಿ ಕೊಡುತ್ತಿದ್ದರು. ಕುರ್ಚಿಯನ್ನು ಅಡ್ಡ ಹಾಕಿಕೊಂಡು, ತಲೆ ಬಗ್ಗಿಸಿ, ತೋರುಬೆರಳನ್ನು ಮೊಣಕಾಲ ಮೇಲೆ ಎತ್ತಿ ಹಿಡಿದು ಕೂಡುತ್ತಿದ್ದರು. ಧಾರಾವಾಹಿಯಲ್ಲಿ ಮಾತು ನಡೆದಿರುವ ತನಕ ಆ ಬೆರಳು ಅಲ್ಲಾಡುತ್ತಿರಲಿಲ್ಲ. ಮಾತು ನಿಂತು ಬರೀ ವಾದ್ಯದ ಸದ್ದು ಶುರುವಾಯಿತೋ, ಬೆರಳು ಮೊಣಕಾಲನ್ನು ಕುಟ್ಟತೊಡಗುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳುತ್ತಿದ್ದರು: “ಏನಾತವಾ?”

ಸೊಸೆ ಕಾಯಿಪಲ್ಲೆ ಹೆಚ್ಚುತ್ತಲೇ, “ಏನಿಲ್ರಿ ಅತ್ತಿ, ಸುಮ್ನ ನೋಡಾಕತ್ತಾರ” ಅನ್ನುತ್ತಿದ್ದರು.

ಸೊಸೆಯದೂ ತಪ್ಪಿಲ್ಲ ಬಿಡಿ. ಈ ಧಾರಾವಾಹಿಗಳಲ್ಲಿ ಅರ್ಧ ಹೊತ್ತು ಒಬ್ಬರ ಮುಖ ಒಬ್ಬರು ನೋಡುವುದರಲ್ಲೇ ಹೋಗುತ್ತದೆ. ಆದರೆ ಯಾರು ಯಾರನ್ನು ನೋಡಿದರು, ಯಾರು ಕಣ್ಣು ತಪ್ಪಿಸಿದರು, ಕತೆಯೆಲ್ಲ ಇರುವುದು ಅಲ್ಲೇ. “ದಿನಾ ಇಪ್ಪತ್ತ ಸರತೆ ಕೇಳಬೇಕಾಗ್ತೈತೋ ತಮ್ಮಾ, ನನಗ ನಾಚಿಕಿ ಬರ್ತೈತಿ” ಎಂದಿದ್ದರು ನನ್ನೆದುರು ಒಮ್ಮೆ. “ಸಾಯೂದ್ರಾಗ ಒಂದ ದಿನಾನರೆ ಯಾರನ್ನೂ ಕೇಳಲಾರದ ಇದನ್ನ ನೋಡಬೇಕು.”

ಗೊಳಸಂಗಿಯ ಸಾಲೆಯಲ್ಲಿ ಐದನೆಯ ಇಯತ್ತೆಗೆ ನನಗೆ ಕನ್ನಡ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಮಗನ ಜೊತೆ ಇಂಡಿಗೆ ಬಂದರು. ಅಷ್ಟರಲ್ಲಿ ಕಣ್ಣಿನ ನರ ಒಣಗುತ್ತ ಬಂದು, ನಾಲ್ಕೈದು ವರ್ಷಗಳಲ್ಲಿ ಬೆಳಕು ಪೂರಾ ಹೋಯಿತು. ಅವರ ಮನೆಯಿಂದ ಎರಡು ಓಣಿ ಆಚೆ ನನ್ನ ಅಂಗಡಿ. ಮದುವೆ, ಸೀಮಂತದ ವಿಡಿಯೊ ತೆಗೆದು, ಹಾಡು ಜೋಡಿಸಿ ಕೊಡುವ ಉದ್ಯೋಗ.

ಸಾಲೆಯಲ್ಲಿ ‘ಚಿತ್ರ ನೋಡಿ ಐದು ವಾಕ್ಯ ಬರೆಯಿರಿ’ ಎಂಬ ಪ್ರಶ್ನೆ ಅಕ್ಕೋರಿಗೆ ಭಾರಿ ಪ್ರೀತಿಯದು. ಒಮ್ಮೆ ಆಕಳು, ಕರುವಿನ ಚಿತ್ರ ಕೊಟ್ಟಿದ್ದರು. ನಾಲ್ಕು ವಾಕ್ಯ ಸರಿಯಾಗಿ ಬರೆದೆ. ಐದನೆಯದು ಹೊಳೆಯದೆ ‘ಆಕಳಿಗೆ ಬಹಳ ಸಂತೋಷವಾಗಿದೆ’ ಎಂದು ಬರೆದೆ. ಐದಕ್ಕೆ ನಾಲ್ಕೇ ಅಂಕ ಬಂತು. ಕೇಳಿದರೆ ಕಿವಿ ಹಿಂಡಿದರು. “ಆಕಳ ಬಂದು ನಿನ್ನ ಕಿವ್ಯಾಗ ಹೇಳೇತೇನೋ? ಕಂಡದ್ದನ್ನ ಬರಿ ಅಂದೇನಿ, ಅನಿಸಿದ್ದನ್ನಲ್ಲ.”

ಮೂವತ್ತು ವರ್ಷದ ಮೇಲೆ ಅದೇ ಪ್ರಶ್ನೆ ನನಗೆ ಹೊಟ್ಟೆಪಾಡಾಗಿ ಬಂದೀತು ಎಂದು ಯಾರಿಗೆ ಗೊತ್ತಿತ್ತು? ಪರಿಚಯದವರೊಬ್ಬರ ಮೂಲಕ ಒಂದು ಸ್ಟುಡಿಯೊದವರು ಫೋನ್ ಮಾಡಿದರು. ಕಣ್ಣು ಕಾಣದವರಿಗಾಗಿ, ಧಾರಾವಾಹಿಯ ಮಾತು ಮಾತಿನ ನಡುವಿನ ಸಂದಿಯಲ್ಲಿ, ಪರದೆಯ ಮೇಲೆ ಏನು ನಡೆದಿದೆ ಎಂದು ದನಿಯಲ್ಲಿ ಹೇಳಬೇಕು. ಒಂದು ಸಂಚಿಕೆ ಮಾಡಿ ಕಳಿಸಿ, ಒಪ್ಪಿದರೆ ಇಡೀ ಧಾರಾವಾಹಿ ನಿಮಗೇ ಅಂದರು. ನೋಡಿದರೆ ಅಕ್ಕೋರು ದಿನಾ ಸಂಜೆ ಬಲಗಿವಿ ಕೊಡುವ ಧಾರಾವಾಹಿಯೇ ಅದು! ಓಡಿಹೋಗಿ ಹೇಳಿದೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

ಅಂಗಡಿಯ ಒಳಕೋಣೆಯ ಗೋಡೆಗೆಲ್ಲ ಅವ್ವ ಹಳೆ ಸೀರೆಗಳಲ್ಲಿ ಹೊಲಿದ ದಪ್ಪ ಕೌದಿ ನೇತುಹಾಕಿ ದನಿ ಮಾರ್ದನಿಸದಂತೆ ಮಾಡಿದೆ. ಮೂರು ದಿನ ಕೂತು ಬರೆದು, ಓದಿ, ಕಂಪ್ಯೂಟರಿನಲ್ಲಿ ಕೂಡಿಸಿದೆ. ನನ್ನ ದನಿ ಬಂದ ಕಡೆಯೆಲ್ಲ ಹಿಂದಿನ ಸದ್ದನ್ನು ತಾನೇ ತಗ್ಗಿಸುವ ಅನುಕೂಲ ಆ ಸಾಫ್ಟ್‌ವೇರಿನಲ್ಲಿದೆ. ಮದುವೆ ವಿಡಿಯೊಗಳಿಗೆಲ್ಲ ಅದನ್ನೇ ಒತ್ತುತ್ತಿದ್ದೆ, ಇದಕ್ಕೂ ಒತ್ತಿದೆ. ಕಳಿಸುವ ಮೊದಲು ಅಕ್ಕೋರಿಗೆ ಕೇಳಿಸಿದೆ, ಶಾಬಾಸ್ ಅನ್ನಿಸಿಕೊಳ್ಳಲೆಂದೇ.

“ಮುಗೀತೇನು?”

“ಹೂನ್ರಿ ಅಕ್ಕೋರ.”

“ಆ ತಾಯಿಗೆ ಅಪಾರ ದುಃಖ ಆಗೇತಿ ಅಂದಿ. ನಿನಗ ಹೆಂಗ ಗೊತ್ತು?”

“ಮುಖದ ಮ್ಯಾಲ ಕಾಣ್ತೈತಲ್ರಿ.”

“ಮುಖದ ಮ್ಯಾಲ ಏನ ಕಾಣ್ತೈತಿ, ಅಷ್ಟ ಹೇಳು. ದುಃಖ ನಾ ಪಡ್ತೇನಿ.”

ಅಷ್ಟಕ್ಕೇ ಬಿಡಲಿಲ್ಲ. “ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ ಅಂತ ಒದರಿದಿಯಲ್ಲ, ಬಡಿಯೂದು ನನಗ ಕೇಳಸ್ತಿತ್ತೋ ಹುಚ್ಚಪ್ಪಾ! ಅದರ ಮ್ಯಾಲ ಹೋಗಿ ನೀ ಯಾಕ ಕುಂತಿ? ಮಗಾ ಬ್ಯಾರೆ ಮನಿ ಮಾಡ್ತೇನಿ ಅಂದಾಗ ಆಕಿ ಕೈ ನಿಂತ್ತೋ ಇಲ್ಲೋ? ಅದನ್ನ ಕೇಳಗೊಡಲಿಲ್ಲ ನೀ. ಕಣ್ಣಂತೂ ಇಲ್ಲ, ಇದ್ದ ಕಿವೀನೂ ಮುಚ್ಚಿದಿ.”

ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನದ ದುಡಿಮೆ. ಇವರಿಗೇನು ಗೊತ್ತು ಸಾಫ್ಟ್‌ವೇರು ಎಂದು ಗೊಣಗುತ್ತ ಅಂಗಡಿಗೆ ಬಂದೆ. ಆದರೂ ಮನಸ್ಸು ಕೇಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ನನ್ನ ದನಿಯನ್ನು ತೆಗೆದು, ಕಣ್ಣು ಮುಚ್ಚಿ ಕೇಳಿದೆ. ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ನಡೆದಿತ್ತು. ಮಗ ಆ ಮಾತು ಅಂದ. ಸದ್ದು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ಇಡೀ ಸಂಚಿಕೆಯ ಜೀವ ಅಲ್ಲಿತ್ತು, ನಾನು ಅದರ ಮೇಲೆ ಭಾಷಣ ಮಾಡಿದ್ದೆ. ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಎಲ್ಲ ಅಳಿಸಿದೆ. ತಾನಾಗಿ ತಗ್ಗಿಸುವುದನ್ನು ಬಂದ್ ಮಾಡಿ, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಕೈಯಿಂದಲೇ ತಗ್ಗಿಸಿದೆ. ಆ ದೃಶ್ಯಕ್ಕೆ ಕೊನೆಗೆ ಉಳಿದದ್ದು ಮೂರೇ ಪದ: ‘ತಾಯಿ ತಲೆ ಎತ್ತುವುದಿಲ್ಲ.’ ಸ್ಟುಡಿಯೊದವರು ಒಪ್ಪಿದರು.

ವಿವರಣೆಯ ದನಿಯ ಜೊತೆ ಮೊದಲ ಸಂಚಿಕೆ ಬಂದ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ರಿಮೋಟಿನಲ್ಲಿ ಭಾಷೆ ಆರಿಸುವ ಜಾಗಕ್ಕೆ ಹೋಗಿ ನಾನೇ ಅದನ್ನು ಹಚ್ಚಿಕೊಟ್ಟೆ. ಅಕ್ಕೋರು ಅದೇ ಕುರ್ಚಿ, ಅದೇ ಬಲಗಿವಿ. ಮಾತು ನಿಂತಿತು, ನನ್ನ ದನಿ ಬಂತು. ಬೆರಳು ಕುಟ್ಟಲಿಲ್ಲ. ಮುಗಿಯುವ ತನಕ ಒಂದು ಸರತಿಯೂ ಕುಟ್ಟಲಿಲ್ಲ. ಟಿವಿಯ ಪಕ್ಕದಲ್ಲಿ ಕೂತಿದ್ದ ನಾನು ಟಿವಿ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ, ಮೊಬೈಲಿನಲ್ಲಿ ಒಂದು ಫೋಟೊ ಕೂಡ ತೆಗೆದೆ.

ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದ್ದ ಸೊಸೆಗೆ ಏನೂ ಕೇಳಿಸಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಬಂದು, “ಏನಾತ್ರೀ ಅತ್ತಿ?” ಅಂದರು.

ಅಕ್ಕೋರು ತಲೆ ಎತ್ತಲಿಲ್ಲ. “ಏನಿಲ್ಲವಾ, ಸುಮ್ನ ನೋಡಾಕತ್ತಾರ.”

ಒಂದು ಗಳಿಗೆ ಸೊಸೆಗೆ ತಿಳಿಯಲಿಲ್ಲ. ತಿಳಿದ ಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕದ್ದೇ ನಕ್ಕದ್ದು. ಅಕ್ಕೋರೂ ನಕ್ಕರು. ಆಮೇಲೆ ಸೊಸೆಯನ್ನು ಹತ್ತಿರ ಕೂಡಿಸಿಕೊಂಡು, ಯಾರು ಬಾಗಿಲಲ್ಲಿ ನಿಂತಿದ್ದರು, ಯಾರು ಕಣ್ಣು ತಪ್ಪಿಸಿದರು ಎಂದು ಒಂದೂ ಬಿಡದೆ ಹೇಳಿದರು.

ಮರುವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ಅಕ್ಕೋರು ತೀರಿಕೊಂಡರು. ಜ್ವರ ಅಂತ ಮಲಗಿದವರು ನಾಲ್ಕನೆಯ ದಿನ ಏಳಲಿಲ್ಲ. ಶ್ರದ್ಧಾಂಜಲಿಯ ಬ್ಯಾನರಿಗೆ ಹಾಕಲು ಅವರ ಮಗ ನಾನು ತೆಗೆದ ಫೋಟೊವನ್ನೇ ಕೇಳಿದರು. “ಕೆಳಗ ಅವ್ವನ ಬಗ್ಗೆ ನಾಕ ಮಾತು ನೀನ ಬರೀಪಾ” ಅಂದರು. ಒಳಕೋಣೆಯಲ್ಲಿ ಕೌದಿಗಳ ನಡುವೆ ಕೂತು ಮನಸಾರೆ ಅತ್ತೆ. ಆಮೇಲೆ ‘ಅಪಾರ ದುಃಖದೊಂದಿಗೆ’ ಎಂದು ಬರೆದವನು ಅದನ್ನು ಹೊಡೆದುಹಾಕಿ, ಚಿತ್ರ ನೋಡಿ ಬರೆದೆ.

ಅಕ್ಕೋರು ಕುರ್ಚಿಯಲ್ಲಿ ಕುಳಿತಿದ್ದಾರೆ. ಅವರ ಮುಖ ನಮ್ಮ ಕಡೆಗೆ ಇಲ್ಲ. ಬಲಗಿವಿ ನಮ್ಮ ಕಡೆಗಿದೆ. ತೋರುಬೆರಳು ಸುಮ್ಮನಿದೆ.

ನಾಲ್ಕಾದವು. ಐದನೆಯದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಕೊನೆಗೆ ‘ಅಕ್ಕೋರಿಗೆ ಬಹಳ ಸಂತೋಷವಾಗಿದೆ’ ಎಂದು ಬರೆದೆ. ಒಂದು ಅಂಕ ಹೋದರೆ ಹೋಗಲಿ.