ಕಂಪನಿ ತೋಟದಲ್ಲಿ ಹೆಣ್ಣು ತೋರಿಸಿದ್ದು

ಮಳೆ ಬರಬಹುದಿತ್ತು. ವಿಜಯದಶಮಿಯ ಮಧ್ಯಾಹ್ನ ನಾಲ್ಕು ಹನಿಯಾದರೂ ಉದುರದೆ ಇರುವುದಿಲ್ಲ ಎಂದು ನಾನು ನಂಬಿದವನು. ಮೂರು ಕೊಡೆ ಹಿಡಿದುಕೊಂಡೇ ಹೊರಟಿದ್ದೆ. ದಸರಾಕ್ಕೆಂದು ಬಸ್ಸುಗಳನ್ನೆಲ್ಲ ಮೈಸೂರಿಗೆ ಎಳೆದುಕೊಂಡು, ಅಕ್ಕನಿಗೂ ಅವಳ ಮಗಳಿಗೂ ಕೆ.ಆರ್. ನಗರದಿಂದ ಹುಣಸೂರಿಗೆ ಬರಲು ಬಸ್ಸೇ ಸಿಗದೆ ಹೋಗಬಹುದಿತ್ತು. ಹಿಂದಿನ ದಿನ ಆಯುಧಪೂಜೆಗೆ ರಸ್ತೆಯಲ್ಲಿ ಒಡೆದಿದ್ದ ಬೂದುಗುಂಬಳದ ಮೇಲೆ ನನ್ನ ಸ್ಕೂಟರ್ ಜಾರಬಹುದಿತ್ತು. ತೋಟಕ್ಕೆ ರಜೆ ಇರಬಹುದಿತ್ತು. ಅಕ್ಕ ಸಕ್ಕರೆ ಕಾಯಿಲೆಯ ಮಾತ್ರೆ ಮರೆತು ಬಂದು, ಬೀಗರಾಗುವವರ ಎದುರಿಗೇ ತಲೆ ಸುತ್ತಿ ಕೂರಬಹುದಿತ್ತು. ಅಕ್ಕನ ಊರಿನವರು ಯಾರೋ ಒಬ್ಬರು ಅಲ್ಲೇ ಎದುರಾಗಿ ‘ಇದೇನು ಇಲ್ಲಿ?’ ಎನ್ನಬಹುದಿತ್ತು. ಗಂಡು ಫೋಟೋದಲ್ಲಿ ಕಂಡದ್ದಕ್ಕಿಂತ ಅರ್ಧ ಅಡಿ ಕಡಿಮೆ ಇರಬಹುದಿತ್ತು. ನಾಗರಹೊಳೆಯಿಂದ ಹಾದಿ ತಪ್ಪಿದ ಆನೆಯೊಂದು ಊರ ಹೊರಗೆ ನಿಂತು, ಪೊಲೀಸರು ರಸ್ತೆ ಮುಚ್ಚಿರಬಹುದಿತ್ತು. ನಮ್ಮ ಕಡೆ ಇದು ಆಗದ ಮಾತಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತೋಟದ ಹಳೇ ಮರದಲ್ಲಿ ಕಟ್ಟಿರುವ ಹೆಜ್ಜೇನು ಏಳಬಹುದಿತ್ತು.

ಒಂದೂ ಆಗಲಿಲ್ಲ. ಈಗ ಅನ್ನಿಸುತ್ತದೆ, ಕೊನೆಯ ಪಕ್ಷ ಹೆಜ್ಜೇನಾದರೂ ಎದ್ದಿದ್ದರೆ ಚೆನ್ನಾಗಿತ್ತು.

ನಾನು ಹೆಗ್ಗಡದೇವನಕೋಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಗಂಡಸು ಬೇಕಾದ ಕಡೆಯಲ್ಲೆಲ್ಲ ನಾನು ಹೋಗಿ ನಿಲ್ಲುತ್ತೇನೆ. ಗದ್ದೆ ಅಳತೆಗೆ, ಕಾಲೇಜಿನ ಅರ್ಜಿಗೆ, ನಲ್ಲಿ ಸೋರಿದರೆ ನಲ್ಲಿಗೆ. ನಿಲ್ಲುತ್ತೇನೆ ಅಷ್ಟೆ; ಮಾಡುವವರು ಬೇರೆಯವರು. ಅಕ್ಕನ ಮಗಳು ಓದಿ ಮುಗಿಸಿ, ಕೆ.ಆರ್. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎಂಥ ಮುದುಕರ ಬತ್ತಿದ ನರವನ್ನೂ ಒಂದೇ ಸಲಕ್ಕೆ ಹಿಡಿಯುತ್ತಾಳೆ ಎಂದು ಹೆಸರು ಮಾಡಿದ್ದಳು. ನನ್ನ ರಕ್ತ ತೆಗೆಯುವಾಗ ಮಾತ್ರ ‘ಕಣ್ ಮುಚ್ಕೊ ಮಾವ, ನೀನ್ ಬಿದ್ರೆ ಎತ್ತೋರಿಲ್ಲ’ ಅನ್ನುತ್ತಿದ್ದಳು.

ಅವಳನ್ನು ನೋಡಲು ಆಗಲೇ ಎರಡು ಕಡೆಯವರು ಮನೆಗೆ ಬಂದು, ಉಪ್ಪಿಟ್ಟು ತಿಂದು, ‘ತಿಳಿಸ್ತೀವಿ’ ಎಂದು ಹೋಗಿ, ತಿಳಿಸದೆ ಉಳಿದಿದ್ದರು. ಬೀದಿಗೆಲ್ಲ ಗೊತ್ತಾಗಿತ್ತು. ಹಾಗಾಗಿ ಪಿರಿಯಾಪಟ್ಟಣದ ಕಡೆಯ ಮೂರನೆಯ ಸಂಬಂಧ ಬಂದಾಗ, ಹೊರಗೆಲ್ಲಾದರೂ ತೋರಿಸುವುದು ವಾಸಿ ಎಂದವನು ನಾನೇ. ಈಗ ಹಾಗೆ ಮಾಡುವವರು ಹೆಚ್ಚು. ದೇವಸ್ಥಾನದಲ್ಲಿಯೋ ಪಾರ್ಕಿನಲ್ಲಿಯೋ ಎರಡೂ ಕಡೆಯವರು ಅಕಸ್ಮಾತ್ ಸಿಕ್ಕಂತೆ ಸಿಗುವುದು. ಒಪ್ಪದಿದ್ದರೆ ಅಕಸ್ಮಾತ್ ಸಿಕ್ಕಿದ್ದರು ಅಷ್ಟೆ, ಯಾರಿಗೂ ನಷ್ಟವಿಲ್ಲ. ಎರಡೂ ಊರಿಗೆ ನಡುವಿನದು ಹುಣಸೂರು. ಅದರ ಹೊರಗೆ ಕಂಪನಿ ತೋಟ.

ಹಿಂದಿನ ವಾರ ನಾನು ಲ್ಯಾಬಿನ ಹತ್ತಿರ ಹೋದಾಗ ಅವಳು ಕೈಗವಸು ಕಳಚಿಕೊಂಡು ಹೊರಗೆ ಬಂದಿದ್ದಳು.

‘ಮಾವ, ಅವ್ವ ಯಾರ್ನ ತೋರ್ಸುದ್ರೂ ಊಂ ಅಂತಳೆ. ಎರಡ್ ಸಲ ಆಗಿರೋದ್ಕೆ ಎದ್ರಿಕಂಡವ್ಳೆ. ನಂಗೆ ಇಷ್ಟ ಆದ್ರೆ ಆಯ್ತು. ಇಲ್ಲ ಅಂದ್ರೆ ನಿಂಗ್ ಯೋಳ್ತೀನಿ. ಅವ್ರ್ ಎದ್ರಿಗೆ ನೀನ್ ಯೋಳ್ಬೇಕು.’

‘ಯೋಳ್ತೀನಿ ಬುಡವ್ವ.’

‘ಅಲ್ಲೇ, ಅವತ್ತೇ. ಆಮೇಕೆ ಫೋನಲ್ಲಿ ಅನ್ನಂಗಿಲ್ಲ.’

‘ಇಲ್ಲ.’

‘ನೋಡಾನ ಅನ್ನಂಗೂ ಇಲ್ಲ.’

ನನ್ನನ್ನು ಬಲ್ಲವಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಒಬ್ಬ ಅರ್ಜಿದಾರನಿಗೂ ಆಗುವುದಿಲ್ಲ ಎಂದವನಲ್ಲ. ‘ನೋಡೋಣ’, ‘ಮುಂದಿನ ವಾರ ಬನ್ನಿ’, ‘ಸಾಹೇಬ್ರು ಬರ್ಲಿ’ ಎನ್ನುತ್ತಲೇ ಬಡ್ತಿ ಪಡೆದವನು. ಆದರೂ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆ ದಿನಕ್ಕೆ ನನಗೆ ಇದ್ದ ಕೆಲಸ ಅದೊಂದೇ. ಕೊಡೆಗಳನ್ನು ತರಲು ಯಾರೂ ಹೇಳಿರಲಿಲ್ಲ.

ಹಿಂದೆ ಕಂಪನಿ ಸರ್ಕಾರದ ಯಾವನೋ ಬಿಳಿ ಅಧಿಕಾರಿ ಹೆಂಡತಿಯ ಬೇಸರ ಕಳೆಯಲೆಂದು ದೇಶದೇಶದ ಗಿಡ ತರಿಸಿ ನೆಡಿಸಿದನೆಂದು ಕಂಪನಿ ತೋಟದ ಬಗ್ಗೆ ಹೇಳುತ್ತಾರೆ. ಆಕೆಯ ಬೇಸರ ಕಳೆಯಿತೋ ಇಲ್ಲವೋ ಯಾರೂ ಬರೆದಿಟ್ಟಿಲ್ಲ. ಆಮೇಲೆ ಅರಸರ ಕಾಲದಲ್ಲಿ ಒಂದು ಗಾಜಿನ ಮನೆ ಎದ್ದಿತು. ಈಗ ಗಾಜು ಅಲ್ಲಲ್ಲಿ ಉಳಿದಿದೆ, ಮನೆ ಪೂರ್ತಿ ಉಳಿದಿದೆ. ಪ್ರತಿ ಮರದ ಮೈಗೂ ತಗಡಿನ ಪಟ್ಟಿ ಹೊಡೆದು ನಮಗೆ ಓದಲು ಬಾರದ ಹೆಸರು ಬರೆದಿದ್ದಾರೆ. ಮರ ದಪ್ಪವಾಗುತ್ತ ಕೆಲವು ಪಟ್ಟಿಗಳನ್ನು ಅರ್ಧ ನುಂಗಿಬಿಟ್ಟಿದೆ. ಗೇಟಿನ ಬೋರ್ಡು ಹೂ ಕೀಳಬಾರದು, ಊಟ ತರಬಾರದು ಎನ್ನುತ್ತದೆ.

ನಾನು ಅರ್ಧ ಗಂಟೆ ಮುಂಚೆ ಹೋಗಿ ಹೆಜ್ಜೇನಿನ ಗೂಡುಗಳನ್ನು ಎಣಿಸಿದೆ. ಏಳು. ಅವುಗಳಿಂದ ದೂರವಾದ ಒಂದು ಕಲ್ಲುಬೆಂಚು ಆರಿಸಿದೆ. ಮಳೆಗಾಲ ತೊಳೆದಿಟ್ಟ ಆಕಾಶ, ಬಿಸಿಲು ಇದ್ದೂ ಚುಚ್ಚದ ಹೊತ್ತು. ಆಕಾಶಮಲ್ಲಿಗೆಯ ಮರಗಳ ಸಾಲಿನ ಕೆಳಗೆ ನೆಲ ಕಾಣದಂತೆ ಉದ್ದ ತೊಟ್ಟಿನ ಬಿಳೀ ಹೂ ಉದುರಿತ್ತು. ದೂರದ ಹೊಲಗಳ ಬ್ಯಾರನ್ ಗೂಡುಗಳಲ್ಲಿ ಹೊಗೆಸೊಪ್ಪು ಬೇಯುವ ಸಿಹಿ ಗಮಟು ಆ ಹೂವಿನ ವಾಸನೆಯ ಜೊತೆ ಬೆರೆತು ಬರುತ್ತಿತ್ತು. ಊರಿಗೆ ಊರೇ ಮೈಸೂರಿಗೆ ಜಂಬೂಸವಾರಿ ನೋಡಲು ಹೋಗಿದ್ದರಿಂದ ತೋಟದಲ್ಲಿ ನರಪಿಳ್ಳೆ ಇರಲಿಲ್ಲ. ಇಷ್ಟು ಚೆನ್ನಾಗಿರುವ ಕಡೆ ಏನೋ ಕಾದಿದೆ ಎಂದು ನಾನು ಬೆಂಚಿನ ಅಡಿಯಲ್ಲೂ ಬಗ್ಗಿ ನೋಡಿದೆ.

ಎರಡೂ ಕಡೆಯವರು ಹೇಳಿದ ಹೊತ್ತಿಗೇ ಬಂದರು. ಗಂಡಿನ ಕಡೆಯಿಂದ ಮೂವರು: ಹುಡುಗ, ಅವನ ತಂದೆ, ತಾಯಿ. ಹುಡುಗನಿಗೆ ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ. ಫೋಟೋದಲ್ಲಿದ್ದಷ್ಟೇ ಎತ್ತರವಿದ್ದ. ತಂದೆ ಮಾತು ಕಡಿಮೆಯ, ಹೊಗೆಸೊಪ್ಪು ಬೆಳೆಯುವ ಮನುಷ್ಯ. ತಾಯಿ ಅವರಿಬ್ಬರ ಪಾಲಿನದನ್ನೂ ಸೇರಿಸಿ ಮಾತಾಡುವವಳು. ಕೈಯಲ್ಲಿ ದೊಡ್ಡ ಊಟದ ಬುಟ್ಟಿ. ಗೇಟಿನ ಕಾವಲುಗಾರ ಅಡ್ಡ ನಿಂತರೆ, ‘ಊಟ ಯಾರ್ ತಂದವ್ರೆ? ಇದು ಪ್ರಸಾದ ಕಣಪ್ಪ’ ಎಂದು ನಾಲ್ಕು ವಡೆ ಅವನ ಕೈಗಿಟ್ಟು ಒಳಗೆ ಬಂದಳಂತೆ. ನನಗೆ ಆಕೆಯನ್ನು ಕಂಡರೆ ಆಗಲೇ ಭಯ, ಆಗಲೇ ಇಷ್ಟ.

‘ಕುಂತ್ಕಳಿ ಅಣ್ಣೋರೆ. ಮೂರು ಕೊಡೆ ಯಾಕ್ ತಂದ್ರಿ, ಯಾಪಾರಕ್ಕಾ?’

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಅಕ್ಕನಂತೂ ಸೆರಗು ಬಾಯಿಗಿಟ್ಟುಕೊಂಡು, ‘ಇವ್ನ್ ಉಟ್ದಾಗ್ಲಿಂದ ಇಂಗೇ ಕಣಕ್ಕ’ ಎಂದು ನನ್ನನ್ನು ಬಿಟ್ಟುಕೊಟ್ಟಳು.

ಹುಡುಗನ ತಾಯಿ ತಲೆಯೆತ್ತಿ ದೊಡ್ಡ ಮರವೊಂದನ್ನು ನೋಡಿ ಹೇಳಿದಳು: ‘ಯಾವ್ ದೇಸ್ದಿಂದ್ಲೋ ಏನೋ. ತಂದ್ ನೆಟ್ಟವ್ರೆ, ಎಂಗ್ ಬಂದದೆ ನೋಡಿ. ಎಣ್ಮಕ್ಳೂ ಅಂಗೇಯ.’

ಅಕ್ಕ ಊಂ ಎಂದಳು. ನಾನು ಪಟ್ಟಿಯ ಹೆಸರು ಓದಲು ಯತ್ನಿಸಿದೆ.

ಹುಡುಗ ಹುಡುಗಿ ಮಾತಾಡಿಕೊಂಡು ಬರಲಿ ಎಂದು ಕಳಿಸಿದೆವು. ಇದೂ ಈಗಿನ ಪದ್ಧತಿ. ನಮ್ಮ ಕಾಲದಲ್ಲಿ ಮಾತಾಡಿದ್ದು ಮದುವೆಯ ಮೂರನೆಯ ದಿನ. ಅವರು ಆಕಾಶಮಲ್ಲಿಗೆಯ ಸಾಲಿನ ಕೆಳಗೆ ನಡೆದರು. ಹುಡುಗಿ ಹೂ ತುಳಿಯದಂತೆ ಕಾಲಿಡುತ್ತಿದ್ದಳು. ಹಾಸುಗಲ್ಲು ಪಾಚಿಗಟ್ಟಿದೆ, ಜಾರುತ್ತಾಳೆ ಎಂದು ನನ್ನ ಕಣ್ಣೆಲ್ಲ ಅವಳ ಚಪ್ಪಲಿಯ ಮೇಲೆ. ಗಾಜಿನ ಮನೆಯ ಹತ್ತಿರ ಇಬ್ಬರೂ ನಿಂತರು. ಅವನು ಕೈ ಚಾಚಿದ, ಅವಳು ತನ್ನ ಫೋನು ಕೊಟ್ಟಳು. ಅವನು ನೋಡುತ್ತ ನಿಂತ.

ಅಕ್ಕ ನನ್ನ ಮೊಣಕೈ ತಿವಿದಳು. ‘ಪೋಟೋ ತೋರಿಸ್ತಾವ್ಳೆ ಕಣ್ಲಾ.’

ನನಗೂ ಹಾಗೇ ಅನ್ನಿಸಿ ಎದೆಯ ಭಾರ ಇಳಿಯಿತು. ಆ ದಿನ ನಾನು ಹೆದರದೆ ಇದ್ದದ್ದು ಆ ಎರಡು ಮೂರು ನಿಮಿಷ ಮಾತ್ರ.

ಅವಳು ತಿರುಗಿ ಬಂದಾಗ ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ತಾನೂ ಕೈಯೊಡ್ಡಿದಳು.

‘ಮಾವ, ಬ್ಯಾಡ.’

‘ಯಾಕವ್ವ?’

‘ಫೋನ್ ಇಸ್ಕೊಂಡ. ಯಾರ್ಯಾರ್ ಮಾಡವ್ರೆ ಅಂತ ಮೇಲಿಂದ ಕೆಳಗಂಟ ನೋಡ್ದ. ಡಾಕ್ಟ್ರು ಹೆಸ್ರು ನೋಡಿ ಇವ್ನ್ಯಾರು ಅಂದ. ಲ್ಯಾಬ್ ಡಾಕ್ಟ್ರು ಅಂದೆ. ನಕ್ಕ.’

‘ನಕ್ಕ ತಾನೆ...’

‘ಮಾವ.’

‘ಆಯ್ತು. ಯೋಳ್ತೀನಿ.’

‘ಈಗ.’

‘ಈಗ್ಲೇಯ.’

ಅವಳು ಒದ್ದೆ ಕೈಯನ್ನು ನನ್ನ ಟವೆಲಿಗೇ ಒರೆಸಿ, ಹಗುರವಾಗಿ ಬೆಂಚಿನ ಕಡೆ ಹೋದಳು. ಹೊರೆ ನನಗೆ ದಾಟಿಸಿದ್ದಳು.

ನಾನು ಹೋಗುವಷ್ಟರಲ್ಲಿ ಎಲೆ ಹಾಸಿ ಆಗಿತ್ತು. ಚಿತ್ರಾನ್ನ, ವಡೆ, ಮೊಸರನ್ನ. ‘ನಮ್ ಒಲದ್ ನಿಂಬೆಣ್ಣು ಅಣ್ಣೋರೆ, ರುಚಿ ನೋಡಿ’ ಎಂದು ಆಕೆ ಮೊದಲು ನನಗೇ ಬಡಿಸಿದಳು. ಸಾಲದೆಂದು ಇನ್ನೊಂದು ಕೈ. ಅವರ ಹೊಲದ ನಿಂಬೆಹಣ್ಣು ನನ್ನ ಎಲೆಯಲ್ಲಿರುವಾಗ ಅವರ ಮಗ ಬೇಡ ಎನ್ನುವುದು ಹೇಗೆ? ಊಟ ಮುಗಿಯಲಿ. ಕೈ ತೊಳೆದುಕೊಳ್ಳಲಿ. ಐದು ನಿಮಿಷದ ಮಾತು. ಅಷ್ಟರಲ್ಲಿ ವಾಕ್ಯವೊಂದನ್ನು ಸಿದ್ಧ ಮಾಡಿಕೊಳ್ಳಬಹುದು. ಮನಸ್ಸಿನಲ್ಲಿ ಮೂರು ಕರಡು ಬರೆದೆ. ಮೊದಲನೆಯದು ಒರಟಾಯಿತು. ಎರಡನೆಯದರಲ್ಲಿ ಜಾತಕದ ಮೇಲೆ ತಪ್ಪು ಹೊರಿಸಿದೆ, ಆದರೆ ಜಾತಕ ಕೂಡಿದೆ ಎಂದು ಫೋನಿನಲ್ಲಿ ಹೇಳಿದವನು ನಾನೇ. ಮೂರನೆಯದು ‘ತಮ್ಮ ವಿಷಯವನ್ನು ಪರಿಶೀಲಿಸಲಾಗಿ’ ಎಂದು ಶುರುವಾಯಿತು. ಎದುರಿಗೆ ಕೂತ ಹುಡುಗಿ ಅನ್ನ ಮುಟ್ಟಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಗ ಹುಡುಗನ ತಾಯಿ ಗಂಡನ ಕೈಗಡಿಯಾರದತ್ತ ಬಗ್ಗಿದಳು. ‘ಒಂದೂವರೆ ಗಂಟ ಒಳ್ಳೆ ಗಳಿಗೆ’ ಎಂದು ಬುಟ್ಟಿಯ ತಳದಿಂದ ಒದ್ದೆ ಬಟ್ಟೆಯ ಗಂಟು ತೆಗೆದಳು. ಬಿಚ್ಚಿದರೆ ಮಲ್ಲಿಗೆ, ಕನಕಾಂಬರ, ನಡುನಡುವೆ ಮರುಗ. ಬೆಳಿಗ್ಗೆಯೇ ಕಟ್ಟಿಸಿಕೊಂಡು ಬಂದಿದ್ದಾಳೆ. ಬರುವಾಗಲೇ ತೀರ್ಮಾನಿಸಿ ಬಂದಿದ್ದಾಳೆ.

ನಮ್ಮ ಕಡೆ ಗಂಡಿನ ತಾಯಿ ಹೂ ಮುಡಿಸಿದರೆ ಮಾತು ಮುಗಿಯಿತು. ಅದಾದ ಮೇಲೆ ಬೇಡ ಎಂದರೆ ಅದು ಬೇಡ ಎಂದಂತಲ್ಲ, ಮುರಿದಂತೆ. ಮುರಿದದ್ದರ ಹೆಸರು ಹುಡುಗಿಯ ತಲೆಗೇ ಕಟ್ಟುತ್ತದೆ. ಇಷ್ಟು ದಿನ ಇಷ್ಟೆಲ್ಲ ಎಣಿಸಿದ ನಾನು ಈ ಹೂವನ್ನು ಎಣಿಸಿರಲಿಲ್ಲ. ಯಾರಿಗೂ ನಷ್ಟವಿಲ್ಲದ ಜಾಗ ಎಂದು ತೋಟ ಆರಿಸಿದವನಿಗೆ, ಹೂ ಬುಟ್ಟಿಯಲ್ಲಿ ಬರುತ್ತದೆ ಎಂದು ಹೊಳೆದಿರಲಿಲ್ಲ.

ಆಕೆ ನ್ಯಾಯವಾಗಿಯೇ ಕೇಳಿದಳು. ಎಲ್ಲರ ಎದುರಿಗೆ, ನನ್ನ ಮುಖ ನೋಡಿ:

‘ಅಣ್ಣೋರೆ, ಮಗಿಗೆ ತಂದೆ ಇಲ್ಲ, ನೀವೇ ದೊಡ್ಡೋರು. ಏನಂತೀರಿ? ಮುಡಿಸ್ಬುಡ್ಲಾ?’

ನಾನು ಎಲೆಯ ಮೇಲಿನ ಅನ್ನ ನೋಡಿದೆ.

‘ಅವ್ನ್ ಏನಂದಾನು, ಮುಡ್ಸಿ ಅಕ್ಕ’ ಎಂದಳು ನನ್ನಕ್ಕ, ಆಗಲೇ ಕಣ್ಣೊರೆಸಿಕೊಳ್ಳುತ್ತ.

ಹುಡುಗಿ ತಲೆ ಬಗ್ಗಿಸುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ‘ಇಲ್ಲ’ ಹಿಡಿಸುವಷ್ಟು ಹೊತ್ತಂತೂ ಇತ್ತು.

ಇದಾಗಿ ನಾಲ್ಕು ವರ್ಷ. ಹುಡುಗ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಅಂಗಡಿ ಚೆನ್ನಾಗಿದೆ. ಯಾರಾದರೂ ಕೇಳಿದರೆ ಅಕ್ಕ ಇದನ್ನೇ ಹೇಳುತ್ತಾಳೆ, ಸುಳ್ಳಲ್ಲ. ಮದುವೆಯಾದ ತಿಂಗಳಲ್ಲೇ ಅವಳು ಲ್ಯಾಬು ಬಿಟ್ಟಳು. ಆಮೇಲೆ ಅವಳ ಫೋನು ಕೆಟ್ಟಿತು. ಹೊಸದು ಬೇಕಾಗಿಲ್ಲವೆಂದು ತೀರ್ಮಾನವಾಯಿತು. ಈಗ ಅವಳೊಡನೆ ಮಾತಾಡಬೇಕೆಂದರೆ ಗಂಡನ ಫೋನಿಗೆ ಮಾಡಬೇಕು. ಅವನು ಮರ್ಯಾದೆಯಿಂದಲೇ ‘ಕೊಟ್ಟೆ ಇರಿ ಮಾವ’ ಎಂದು ಸ್ಪೀಕರಿಗೆ ಹಾಕುತ್ತಾನೆ. ಅವಳು ‘ಚೆನ್ನಾಗಿವ್ನಿ ಮಾವ, ನೀನ್ ಸುಗರ್ ಚೆಕ್ ಮಾಡ್ಸುದ್ಯಾ?’ ಅನ್ನುತ್ತಾಳೆ. ಹಿಂದಿನಿಂದ ಅಂಗಡಿಗೆ ಬಂದವರ ಸದ್ದು. ನಾನು ಮಾಡಿಸಿದೆ ಎನ್ನುತ್ತೇನೆ. ನನ್ನ ನರ ಈಗ ಬೇರೆಯವರು ಹಿಡಿಯುತ್ತಾರೆ, ಎರಡು ಮೂರು ಸಲ ಚುಚ್ಚಿ.

ಸಂಕ್ರಾಂತಿ ಹಬ್ಬಕ್ಕೆ ತವರಿಗೆ ಬಂದಾಗ ಒಮ್ಮೆ, ನಾನೂ ಅವಳೂ ಇಬ್ಬರೇ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆವು. ಕೇಳುತ್ತಾಳೆ ಎಂದು ನಾನು ಹಿದುಕಿದ ಕಾಳನ್ನೇ ಮತ್ತೆ ಹಿದುಕುತ್ತಿದ್ದೆ. ಉತ್ತರಗಳು ಸಿದ್ಧವಿದ್ದವು. ನಿಮ್ಮವ್ವನಿಗೆ ಸಕ್ಕರೆ ಏರಿ ಅಲ್ಲೇ ಬಿದ್ದಿದ್ದರೆ? ಮೂರನೆಯದೂ ತಪ್ಪಿತು ಎಂದು ಊರು ಆಡಿಕೊಂಡಿದ್ದರೆ? ಅವರು ಸಿಟ್ಟಾಗಿ ಇಲ್ಲದ ಕತೆ ಕಟ್ಟಿ ಹರಡಿದ್ದರೆ? ಅವಳು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಕೊಡಲು ಇಟ್ಟುಕೊಂಡ ಉತ್ತರಗಳೆಲ್ಲ ಆಮೇಲೆ ನಾನು ಕಟ್ಟಿದವು, ಒಂದೂ ಆ ಹೊತ್ತಿನದಲ್ಲ.

ಆ ಹೊತ್ತಿನಲ್ಲಿ ಕೆಟ್ಟದ್ದು ಇಷ್ಟೇ: ಆಕೆ ಕೇಳಿದಾಗ ನನ್ನ ಬಾಯಲ್ಲಿ ಒಂದು ತುತ್ತು ಅನ್ನ ಇತ್ತು. ಅದನ್ನು ನುಂಗಿ ಬಾಯಿ ತೆರೆದಾಗ ನಾನು ಹೇಳಿದ್ದು, ‘ಚಿತ್ರಾನ್ನ ಬೋ ಚೆನ್ನಾಗದೆ.’